ಹಳ್ಳದ ಓಣಿಯ ಸರದಿ

ಆದಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಮಸ್ಕಿ ಬಸ್ ನಿಲ್ದಾಣದ ಹಿಂದಿನ ಅವನ ಟೇಲರ್ ಅಂಗಡಿಯನ್ನು ಈಗ ಮಗಳು ಮೌನೇಶ್ವರಿ ತೆರೆಯುತ್ತಾಳೆ. ಆ ದಾರಿಯಲ್ಲಿ ಹೋಗುವಾಗ ನಾನಿನ್ನೂ ಅತ್ತ ನೋಡುವುದಿಲ್ಲ.

ನಮ್ಮೂರಿಗೆ ಬರುವವರೆಲ್ಲ ಗುಡ್ಡದ ಅಶೋಕನ ಶಾಸನ ನೋಡಿ, ಫೋಟೊ ತೆಗೆದುಕೊಂಡು, ಲಿಂಗಸುಗೂರಿನ ಬಸ್ಸು ಹತ್ತುತ್ತಾರೆ. ಕಲ್ಲಿನ ಸುದ್ದಿ ಕೇಳಲು ಅಷ್ಟು ದೂರದಿಂದ ಬರುತ್ತಾರೆ, ಪಕ್ಕದ ಓಣಿಯ ಸುದ್ದಿ ನಮಗೇ ಗೊತ್ತಿಲ್ಲ ಎನ್ನುತ್ತಿದ್ದ ಆದಪ್ಪ. ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ ಹದಿನೇಳರ ವಿಮೋಚನಾ ದಿನ, ಧ್ವಜ ಏರಿಸಿ, ರಕ್ತದಾನ, ಕಬಡ್ಡಿ ಎಲ್ಲ ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ಓಣಿಗಳ ಕಥೆ ಹೇಳಿಸುವುದನ್ನು ಶುರು ಮಾಡಿದವನು ಅವನೇ. ನಿಯಮ ಒಂದೇ: ತನ್ನ ಓಣಿಯದನ್ನು, ತನ್ನ ಮನೆಯದನ್ನು ಯಾರೂ ಹೇಳುವಂತಿಲ್ಲ. ಬೇರೆ ಓಣಿಗೆ ಹೋಗಿ, ಅಲ್ಲಿನವರ ಜೊತೆ ಕೂತು, ಕೇಳಿಕೊಂಡು ಬಂದು ಹೇಳಬೇಕು. ಇದರಲ್ಲಿ ಅವನು ಮಹಾ ಕಟ್ಟುನಿಟ್ಟು. ಜವಳಿ ಅಂಗಡಿಯ ದೊಡ್ಡಬಸಪ್ಪ ಒಮ್ಮೆ ಮಸೀದಿ ಓಣಿಯ ಕಥೆಯ ನಡುವೆ ತನ್ನ ಅಜ್ಜ ತೋಡಿಸಿದ ಬಾವಿಯನ್ನು ತೂರಿಸಿದಾಗ, ನಗುನಗುತ್ತಲೇ ಮೈಕು ಕಿತ್ತುಕೊಂಡಿದ್ದ.

ವರ್ಷಕ್ಕಿಷ್ಟು ಎಂದು ಊರಿನ ಓಣಿಗಳ ಸರದಿ ಬಂದು ಹೋಯಿತು. ಬಾರದೆ ಉಳಿದದ್ದು ಅವನೂ ನಾನೂ ಹುಟ್ಟಿದ ಹಳ್ಳದ ದಂಡೆಯ ಓಣಿ. ಅದು ಕೂಲಿಯವರ ಓಣಿ. ಪೇಟೆಯವರು ಬಟ್ಟೆ ಹೊಲಿಸಲು ಆದಪ್ಪನ ಅಂಗಡಿಗೆ ಬರುತ್ತಿದ್ದರೇ ಹೊರತು ಅವನ ಮನೆಯಲ್ಲಿ ನೀರು ಕುಡಿದವರಲ್ಲ. ಹೋದ ವರ್ಷ ಅವನಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ, ಈ ಸಲ ನಿಯಮ ಬದಿಗಿಟ್ಟು ನೀನೇ ಹೇಳಿಬಿಡು ಎಂದೆ. ಅವನು ಒಪ್ಪಲಿಲ್ಲ.

"ನಾವ ಹೇಳಿಕೊಳ್ಳೋದು ಬ್ಯಾಡಲೇ. ಯಾರರ ಕೇಳಾಕ ಬರಲಿ" ಎಂದ.

ಬಂದವರು ಕಸ್ತೂರೆಮ್ಮ. ಪೇಟೆಯ ಹಳೆಯ ಕಿರಾಣಿ ಮನೆತನದ, ಎಪ್ಪತ್ತು ದಾಟಿದ ಹೆಂಗಸು. ಸೆಪ್ಟೆಂಬರಿನ ಆರಂಭದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಒಬ್ಬರೇ ನಡೆದು ಬಂದು, ಆದಪ್ಪನ ಹೆಂಡತಿ ಬಸ್ಸಮ್ಮನ ಕಟ್ಟೆಯ ಮೇಲೆ ಕೂರುತ್ತಿದ್ದರು. ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ.

ಹದಿನೇಳರಂದು ವೇದಿಕೆಯಲ್ಲಿ ಚೆನ್ನಾಗಿಯೇ ಹೇಳತೊಡಗಿದರು. ಕಾಲುವೆ ತೋಡಲು ಸಿಂಧನೂರಿನ ಕಡೆ ಗುಂಪುಗುಂಪಾಗಿ ಹೋದವರ ಕಥೆ, ಹಳ್ಳ ಬಂದು ಗೋಡೆಗಳು ಕುಸಿದ ವರ್ಷದ ಕಥೆ.

"ರಜಾಕಾರರ ಗದ್ದಲದಾಗ ನಮ್ಮ ಅತ್ತಿ, ಮಾವ ಈ ಓಣ್ಯಾಗ ಅಡಗಿದ್ರು" ಎಂದರು. "ಆದಪ್ಪನ ಆಯಿ, ಅವರಪ್ಪನ ಅವ್ವ, ಬಡಿದ ರೊಟ್ಟಿ ಉಂಡು ಜೀವ ಉಳಿಸಿಕೊಂಡ್ರು. ಮನಿಗೆ ತಿರುಗಿ ಬಂದ ಮ್ಯಾಲೆ, ಅಲ್ಲಿ ಉಂಡದ್ದು ಯಾರ ಮುಂದೂ ಆಡಬಾರದು ಅಂತ ಮಾಡಿದ್ರು. ನಾನೂ ಆಡಲಿಲ್ಲ."

ಮುಂದಿನ ಸಾಲಿನಿಂದ ದೊಡ್ಡಬಸಪ್ಪ ಎದ್ದ. "ಏ ಆದಪ್ಪ, ಇದು ಅಕ್ಕಾರ ಮನಿ ಸುದ್ದಿ ಆತಲ್ಲೋ. ನನ್ನ ಬಾವಿಗೆ ಮೈಕ್ ಕಸ್ಕೊಂಡಿದ್ದಿ. ಈಗೇನು ಮಾಡ್ತಿ?"

ಕೆಲವರು ನಕ್ಕರು. ಆದಪ್ಪ ಕುರ್ಚಿಯ ತೋಳು ಹಿಡಿದು ಎದ್ದ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಕಸ್ತೂರೆಮ್ಮ ತಾವಾಗಿಯೇ ಮೈಕಿನಿಂದ ಹಿಂದೆ ಸರಿದರು. ಅವನು ಅದರ ಕೋಲನ್ನು ಅವರ ಬಾಯಿಯ ಮಟ್ಟಕ್ಕೆ ಬಗ್ಗಿಸಿ, "ಮುಂದ ಹೇಳ್ರಿ ಅವ್ವಾ" ಎಂದು ಅಲ್ಲೇ ನಿಂತುಕೊಂಡ. ಅವರು ಮುಗಿಸುವವರೆಗೂ ಕೂರಲಿಲ್ಲ.

ಆಮೇಲೆ ಕೇಳಿದೆ, ಇದು ನಿನಗೆ ಮೊದಲೇ ಗೊತ್ತಿತ್ತೇನು ಎಂದು.

"ಆಯಿ ಹೇಳಿದ್ಲು. ನಾ ಹೇಳಿದ್ರ ಹಂಗಿಸಿದಂಗ ಆಕ್ಕಿತ್ತು. ಅವ್ರ ಬಾಯಾಗ ಬಂದ್ರ ಊರಿನ ಸುದ್ದಿ ಆಕ್ಕತಿ."

ಅಷ್ಟು ವರ್ಷ ಆ ಮಾತನ್ನು ಒಳಗಿಟ್ಟುಕೊಂಡು, ಅದೇ ಪೇಟೆಯವರ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತಿದ್ದ ನನ್ನ ಗೆಳೆಯ. ನಾನು ಬಹಳ ಓದಿದ್ದೇನೆ. ಇಂಥ ತಾಳ್ಮೆಯನ್ನು ಎಲ್ಲೂ ಓದಿಲ್ಲ.

ಸಂಜೆ ಕಸ್ತೂರೆಮ್ಮ ಆ ರೊಟ್ಟಿ ಬಡಿದ ಒಲೆ ಇದ್ದ ಜಾಗ ತೋರಿಸು ಎಂದು ಆದಪ್ಪನ ಜೊತೆ ಹಳ್ಳದ ಓಣಿಗೆ ಹೊರಟರು. ಅವರ ಹಿಂದೆ ಪೇಟೆಯ ಅರ್ಧ ಜನ ಬಂದರು, ದೊಡ್ಡಬಸಪ್ಪನೂ. ಬಸ್ಸಮ್ಮ ಚಹಾಕ್ಕಿಟ್ಟಳು. ಗ್ಲಾಸು ಸಾಲಲಿಲ್ಲ. ಕೂತಿರು ಎಂದರೂ ಕೇಳದೆ ಆದಪ್ಪ ಮನೆಮನೆಗೆ ಹೋಗಿ, ಸಿಕ್ಕಷ್ಟು ಗ್ಲಾಸುಗಳನ್ನು ಎದೆಗವಚಿಕೊಂಡು ಬಂದ.