ಹದಿನಾಲ್ಕನೆಯ ಷರತ್ತು

ರಿಯಾಝ್, ಅಂದು ದೀಪಕನ ತೂಕದಲ್ಲಿ ಮೋಸ ಮಾಡಿದವನು ನಾನು. ಏಳು ವರ್ಷದ ಹಿಂದೆ ಸುಳ್ಯದ ಸಭಾಭವನದಲ್ಲಿ ನೀವಿಬ್ಬರು ಆಡಿದ ಪಂದ್ಯ ನಿಯಮದ ಪ್ರಕಾರ ನಡೆಯಲೇಬಾರದಿತ್ತು. ಅದನ್ನು ನಡೆಸಿದ್ದು ನನ್ನ ಬಲಗಾಲಿನ ಹೆಬ್ಬೆರಳು. ನಗಬೇಡ — ಅಥವಾ ನಗು, ಆದರೆ ಪೂರ್ತಿ ಓದಿದ ಮೇಲೆ.

ನಾನು ಎಂಥ ಪಂದ್ಯದ ಹುಚ್ಚ ಎಂದು ನಿನಗೆ ಗೊತ್ತು. ಕಬಡ್ಡಿ ಎಲ್ಲಿದ್ದರೂ ಕಾಣಿಯೂರಿನ ಅಡಿಕೆ ಅಂಗಡಿಗೆ ಬಾಗಿಲು ಹಾಕಿ ಹೊರಡುತ್ತಿದ್ದವನು. ಕುಸ್ತಿ, ಬಾಕ್ಸಿಂಗ್, ಕರಾಟೆ ಎಲ್ಲ ಒಂದಾದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬುದನ್ನು ನೀನು ಮೊಬೈಲಿನಲ್ಲಿ ತೋರಿಸಿದ ದಿನ ಗಿರಾಕಿಗಳನ್ನು ನಿಲ್ಲಿಸಿಯೇ ನೋಡಿದೆ. ನಮ್ಮ ಮೂರು ತಾಲೂಕಿನಲ್ಲಿ ಇಂಥದ್ದು ಆಗಲೇಬೇಕೆಂದು ಸಮಿತಿ ಕಟ್ಟಿದವನೂ ನಾನೇ. ಅಧ್ಯಕ್ಷ ದಾಮೋದರ ಗೌಡ — ಎಷ್ಟು ಜಂಬದಿಂದ ಮುದ್ರಿಸಿಕೊಂಡಿದ್ದೆ!

ಅನುಮತಿ ಮಾತ್ರ ಸುಲಭದಲ್ಲಿ ಸಿಗಲಿಲ್ಲ. ಅರ್ಜಿಯಲ್ಲಿ ‘ಪಂಜರದೊಳಗಿನ ಪಂದ್ಯ’ ಎಂದು ಬರೆದಿದ್ದೆವಲ್ಲ, ಕಚೇರಿಯ ಗುಮಾಸ್ತರು ಕನ್ನಡಕ ಏರಿಸಿ, “ಪಂಜರದಲ್ಲಿ ಎಂತ ಪ್ರಾಣಿ ಮಾರಾಯ್ರೆ? ಅರಣ್ಯ ಇಲಾಖೆಯ ಪತ್ರ ಉಂಟಾ?” ಎಂದು ಕೇಳಿದ್ದರು. ನೀನು ಎದೆ ತಟ್ಟಿ, “ಪ್ರಾಣಿ ನಾನೇ ಸರ್” ಎಂದದ್ದಕ್ಕೆ ಇಡೀ ಕಚೇರಿ ನಕ್ಕಿತು. ಹದಿನೈದು ದಿನ ಅಲೆದ ಮೇಲೆ ಹದಿನಾರು ಷರತ್ತುಗಳ ಪತ್ರ ಕೈಗೆ ಬಂತು. ವೈದ್ಯರು ಇರಬೇಕು, ಆಂಬುಲೆನ್ಸ್ ಬಾಗಿಲಲ್ಲೇ ನಿಲ್ಲಬೇಕು, ಮೈಕಿನ ಸದ್ದು ಇಷ್ಟೇ ಇರಬೇಕು, ಬಾಜಿ ಕಟ್ಟಬಾರದು. ಹದಿನಾಲ್ಕನೆಯದು, ಎದುರಾಳಿಗಳ ತೂಕದ ಅಂತರ ಮೂರು ಕಿಲೋ ಮೀರಬಾರದು. ಮೀರಿದರೆ ಆ ಪಂದ್ಯ ರದ್ದು. ಸರಕಾರಿ ಮುದ್ರೆ ಬಿದ್ದ ಯಂತ್ರದಲ್ಲೇ, ಪೊಲೀಸರ ಎದುರಿನಲ್ಲೇ ತೂಗಬೇಕು.

ಮುದ್ರೆ ಬಿದ್ದ ಯಂತ್ರ ಯಾರಲ್ಲಿದೆ? ನನ್ನ ಅಂಗಡಿಯಲ್ಲಿ. ಅಡಿಕೆ ತೂಗುವ ಯಂತ್ರವನ್ನು ಪಿಕಪ್ಪಿಗೆ ಏರಿಸಿದಾಗ ನನಗೆ ಮದುವೆ ದಿಬ್ಬಣ ಹೊರಟಷ್ಟೇ ಸಂಭ್ರಮ. ದಾರಿಯಲ್ಲಿ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಬೆಳ್ಳಾರೆ ದಾಟುವಾಗ ಹೇಳಿದೆ — “ಬಾಪ ಒಂದು ಮಾತು ಹೇಳಿದ್ದಾರೆ ದಾಮಣ್ಣ. ಗೆದ್ದರೆ ಕಡಬದಲ್ಲಿ ಮಕ್ಕಳಿಗೆ ಕಲಿಸುವ ಶಾಲೆ ತೆರೀಲಿಕ್ಕೆ ಬಿಡ್ತಾರಂತೆ. ಸೋತರೆ ಬಾಯಿ ಮುಚ್ಚಿ ದುಬೈಗೆ ಹೋಗುದು, ಅಣ್ಣನ ಅಂಗಡಿಗೆ.” ನಾನು ನಿನ್ನ ತೊಡೆಗೆ ಹೊಡೆದು, “ನೀನು ಸೋಲುದಾ? ಎಂತ ಮಾತಾಡ್ತಿ!” ಎಂದೆ. ಅಂದರೆ ನನಗೆ ಗೊತ್ತಿತ್ತು. ಈ ಪಂದ್ಯದ ಮೇಲೆ ನಿನ್ನದು ಏನೇನು ನಿಂತಿದೆ ಎಂಬುದು ಯಂತ್ರ ಇಳಿಸುವ ಮೊದಲೇ ನನಗೆ ಗೊತ್ತಿತ್ತು.

ಸಭಾಭವನದಲ್ಲಿ ಆಗಲೇ ಜನ. ಜಾಲ್ಸೂರು ದಾರಿಯಾಗಿ ಕೇರಳದ ಬಸ್ಸುಗಳಲ್ಲೂ ಬಂದಿದ್ದರು. ತುಳು, ಬ್ಯಾರಿ, ಅರೆಭಾಷೆ, ಮಲಯಾಳ — ನಾಲ್ಕು ಭಾಷೆಯಲ್ಲಿ ಕೂಗು! ಮೈ ಜುಮ್ಮೆನ್ನುತ್ತಿತ್ತು. ಒಳಕೋಣೆಯಲ್ಲಿ ತೂಕ. ಮೊದಲು ನೀನು ನಿಂತೆ, ಅರವತ್ತಾರು. ಆಮೇಲೆ ಮಡಿಕೇರಿಯ ದೀಪಕ. ಅವನು ಫೋಟೋದವನ ಕಡೆ ಮುಖ ಮಾಡಿ ನಿಂತಿದ್ದ. ನೀನು ಆಚೆ ತಿರುಗಿ ಅಂಗಿ ಹಾಕಿಕೊಳ್ಳುತ್ತಿದ್ದೆ. ಪೊಲೀಸ್ ಅಧಿಕಾರಿ ತಲೆ ತಗ್ಗಿಸಿ ನಿನ್ನ ತೂಕ ಬರೆಯುತ್ತಿದ್ದರು. ಅಂಕಿ ನೋಡುತ್ತಿದ್ದವನು ನಾನೊಬ್ಬನೇ. ಅರವತ್ತೊಂಬತ್ತು ದಾಟಿತು. ಎಪ್ಪತ್ತು ದಾಟಿತು. ಎಪ್ಪತ್ತೊಂದಕ್ಕೆ ಬಂದು ನಿಂತಿತು.

ಐದು ಕಿಲೋ ಅಂತರ. ಪಂದ್ಯ ರದ್ದು.

ಹೊರಗೆ ಜನ ನಿನ್ನ ಹೆಸರು ಕೂಗುತ್ತಿದ್ದರು, ರಿಯಾಝ್. ಆ ಪಂದ್ಯ ನೋಡದೆ ಮನೆಗೆ ಹೋಗುವುದು ನನ್ನಿಂದ — ಇಲ್ಲ, ನೆಪ ಹೇಳುವುದಿಲ್ಲ. ಯಂತ್ರದ ಹಲಗೆಯ ಅಂಚಿಗೆ ಅಡಿಯಿಂದ ಹೆಬ್ಬೆರಳು ಕೊಟ್ಟು ಎತ್ತಿ ಹಿಡಿದರೆ ತೂಕ ಕಡಿಮೆ ತೋರಿಸುತ್ತದೆ. ಅಡಿಕೆ ವ್ಯಾಪಾರದ ಹಳೇ ಕಳ್ಳ ವಿದ್ಯೆ ಇದು. ಬೇರೆಯವರು ಮಾಡಿದರೆ ಹಿಡಿಯಲಿಕ್ಕೆಂದೇ ನಾನು ಕಲಿತದ್ದು, ಒಬ್ಬ ರೈತನಿಗೂ ಮಾಡಿದವನಲ್ಲ. ಪಂಚೆ ಪಾದ ಮುಚ್ಚಿತ್ತು. ಬೆರಳು ಅಡಿಗೆ ಹೋಯಿತು. ಅಧಿಕಾರಿ ತಲೆ ಎತ್ತಿದಾಗ ಅಂಕಿ ಅರವತ್ತೆಂಟೂವರೆಯಲ್ಲಿ ನಿಂತಿತ್ತು. ಬರೆದುಕೊಂಡರು, ಸಹಿ ಹಾಕಿದರು. ನಾನೂ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯಿತು.

ಆಮೇಲೆ ಹೆದರಿದೆನೇ? ಇಲ್ಲ. ಹೇಳಲು ನಾಚಿಕೆಯಾಗುತ್ತದೆ — ಅಷ್ಟು ಖುಷಿ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಮೊದಲ ಸುತ್ತಿನಲ್ಲಿ ನಿನ್ನ ಒದೆಗೆ ದೀಪಕ ಪಂಜರದ ಬಲೆಗೆ ಬಡಿದು ಬಿದ್ದಾಗ ನಾನು ಕುರ್ಚಿಯ ಮೇಲೆ ಹತ್ತಿದ್ದೆ! ಎರಡನೆಯದರಲ್ಲಿ ನಿನ್ನ ಮುಷ್ಟಿ ಎಷ್ಟು ಚುರುಕು! ಗಂಟಲು ಹರಿದುಹೋಗುವಂತೆ ಕೂಗಿದೆ, ಪಕ್ಕದಲ್ಲಿದ್ದ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡೆ. ಮೂರನೆಯ ಸುತ್ತಿನಲ್ಲಿ ಅವನು ನಿನ್ನ ಸೊಂಟ ಹಿಡಿದು ಕೆಡವಿ ಮೇಲೆ ಮಲಗಿದ. ನೀನು ಮಗ್ಗುಲಾಗಲು ನೋಡಿದೆ, ಆಗಲಿಲ್ಲ. ಮತ್ತೆ ನೋಡಿದೆ. ಸೊಂಟ ಎತ್ತಿದೆ, ಅವನು ಅರ್ಧ ಏಳುತ್ತಿದ್ದ, ಮತ್ತೆ ಕೂರುತ್ತಿದ್ದ. ಆಗ ಮಾತ್ರ ನನ್ನ ಕೂಗು ನಿಂತಿತು. ನಿನ್ನ ಎದೆಯ ಮೇಲೆ ಎಷ್ಟು ಭಾರ ಕೂತಿದೆಯೆಂದು ಆ ಸಭಾಭವನದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಸ್ವಲ್ಪ ಹೊತ್ತಿಗೆ ನೀನು ಸೋಲು ಒಪ್ಪಿ ನೆಲಕ್ಕೆ ಮೂರು ಸಲ ಕೈ ತಟ್ಟಿದೆ.

ರದ್ದಾಗಿದ್ದರೆ ನೀನು ಸೋಲುತ್ತಿರಲಿಲ್ಲ. ಇನ್ನೊಂದು ಪಂದ್ಯಕ್ಕೆ ಕಾಯುತ್ತಿದ್ದೆ, ಅಷ್ಟೆ. ಷರತ್ತು ಬರೆದವರಿಗೆ ಈ ಆಟ ಗೊತ್ತಿಲ್ಲವೆಂದು ನಾವು ಎಷ್ಟು ಗೇಲಿ ಮಾಡಿದ್ದೆವು! ಅವರು ನಿನ್ನನ್ನು ಕಾಪಾಡಲು ಬರೆದಿದ್ದರು. ಆಟ ಗೊತ್ತಿದ್ದ ನಾನೇ ಮುರಿದೆ. ತಿಂಗಳೊಳಗೆ ನೀನು ದುಬೈಗೆ ಹೋದೆ. ಬೀಳ್ಕೊಡಲು ಬಾ ಎಂದು ನೀನು ಕರೆದಿದ್ದೆ. ಅಂಗಡಿಯಲ್ಲಿ ಜನ ಇದ್ದಾರೆಂದು ನಾನು ಸುಳ್ಳು ಹೇಳಿದೆ.

ಈಗ ಪುತ್ತೂರಿನಲ್ಲಿ ಮತ್ತೆ ಪಂದ್ಯ. ಹೊಸ ಸಮಿತಿಯವರು ನನ್ನ ಯಂತ್ರವನ್ನೇ ಕೇಳಿದ್ದಾರೆ. ರಜೆಯಲ್ಲಿ ಬಂದಿರುವ ನೀನು ನಿನ್ನೆ ಖರ್ಜೂರದ ಪೊಟ್ಟಣ ಹಿಡಿದು ಅಂಗಡಿಗೆ ಬಂದೆ, ಗೋಡೆಯ ಪೋಸ್ಟರ್ ನೋಡಿದೆ, ಕಣ್ಣು ಹೊಳೆಯಿತು. “ಹೋಗ್ಲಿಕ್ಕುಂಟು ದಾಮಣ್ಣ, ನೋಡ್ಲಿಕ್ಕೆ ಮಾತ್ರ” ಎಂದೆ. ಮತ್ತೆ ನಗುತ್ತಲೇ, “ನನಗಿಂತ ಭಾರದವನಿಗೆ ಸೋತಿದ್ದರೆ ಬಾಪನ ಹತ್ರ ಒಂದು ಮಾತು ಹೇಳ್ಲಿಕ್ಕಿತ್ತು. ನನ್ನದೇ ತೂಕದವನಿಗೆ ಸೋತ ಮೇಲೆ ಎಂತ ಹೇಳುದು?” ಎಂದೆ. ನಾನು ಬಾಯಿ ತೆರೆದೆ. ಆಗಲೇ ಗಿರಾಕಿಯೊಬ್ಬರು ಬಂದರು — ಬಂದದ್ದು ನನಗೆ ಒಳ್ಳೆಯದೇ ಆಯಿತು. ಚಹಾ ತರಿಸಿದೆ.

ಹೊಸ ಸಮಿತಿಗೆ ಇವತ್ತು ಬೆಳಿಗ್ಗೆ ಹೇಳಿ ಬಂದೆ, ಏನು ಮಾಡಿದ್ದೆನೆಂದು ಪೂರ್ತಿ. ಯಾರೂ ಬೈಯಲಿಲ್ಲ, ಒಬ್ಬ ಮಾತ್ರ, “ಅದನ್ನು ನಮ್ಮತ್ರ ಹೇಳಿ ಎಂತ ಪ್ರಯೋಜನ ಅಣ್ಣ?” ಎಂದ.

ಆದ್ದರಿಂದ ಈ ಕಾಗದ. ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಶುಕ್ರವಾರ, ಜುಮ್ಮಾ ಮುಗಿಸಿ ನಿನ್ನ ಬಾಪ ಇಚಿಲಂಪಾಡಿಯ ಮನೆಗೆ ಬರುವ ಹೊತ್ತಿಗೆ ನಾನು ನಿಮ್ಮ ಜಗಲಿಯಲ್ಲಿರುತ್ತೇನೆ. ನಿಂತುಕೊಂಡೇ ಓದುತ್ತೇನೆ, ನಿನ್ನ ಮುಂದೆ, ಅವರ ಮುಂದೆ. ನೀನು ಕ್ಷಮಿಸಬೇಕೆಂದಲ್ಲ. ಏಳು ವರ್ಷದಿಂದ ಅವರಿಗೆ ಹೇಳಲು ನಿನ್ನ ಬಳಿ ಇಲ್ಲದ ಆ ಒಂದು ಮಾತು ನನ್ನ ಬಳಿ ಇತ್ತು.