ಗಿಟಾರಿನ ಜೋಡಿ ತಂತಿ, ಅವ್ವನ ಷಡ್ಜ

೧೯೪೧ ಫೆಬ್ರುವರಿ ೯, ರವಿವಾರ, ಮುಂಜಾನೆ ೭ ಗಂಟೆ ೧೦ ಮಿನಿಟು. ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇದನ್ನು ಬರೆಯಲು ಕುಳಿತಿದ್ದೇನೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಹಾಡುತ್ತಿಲ್ಲ. ಅವಳು ಹಾಡು ನಿಲ್ಲಿಸಿ ಇಂದಿಗೆ ನೂರಾ ಅರವತ್ತೊಂದು ದಿನ. ನಿಲ್ಲಿಸಿದವನು ನಾನು.

ಅವ್ವನಿಗೆ ಅಕ್ಷರ ಬರುವುದಿಲ್ಲ. ಆದರೆ ಕೇಳಿ ಕಲಿತ ವಚನಗಳನ್ನು ಸೋಮವಾರಕ್ಕೊಮ್ಮೆ ಮಠದಲ್ಲಿ ಹೆಂಗಸರ ನಡುವೆ ಹಾಡುತ್ತಿದ್ದಳು. ಕಳೆದ ವರ್ಷ ಮೇ ತಿಂಗಳಲ್ಲಿ ಹುಕ್ಕೇರಿಯ ಒಬ್ಬ ಮುದುಕ ಗವಾಯಿಗಳು ಅದನ್ನು ಕೇಳಿದರು.

"ಹದಿನೈದು ದಿನಕ್ಕೊಮ್ಮೆ ನಾ ಗೋಕಾಕಕ್ಕ ಬರತೇನಿ, ಅಲ್ಲಿ ನಿಮಗ ಕಲಸ್ತೇನಿ ತಾಯಿ," ಎಂದರು. "ಖರೆ, ಮೊದಲ ತಂಬೂರಿ ಜೋಡಿ ಸಾ ಹಿಡದು ನಿಲ್ಲೂದು ರೂಢಿ ಮಾಡ್ರಿ. ಶ್ರಾವಣ ಮುಗಿಯೂದರಾಗ ಹುಕ್ಕೇರಿಗೆ ಬಂದು ತೋರಸ್ರಿ."

ನಲವತ್ತು ವರ್ಷದ ಅವ್ವ ಅಂದು ಮನೆಗೆ ಬಂದವಳೇ ಎರಡು ಸಲ ಚಹಾ ಮಾಡಿದಳು, ಎರಡು ಸಲವೂ ಸಕ್ಕರೆ ಮರೆತಳು.

ನಮ್ಮಲ್ಲಿ ತಂಬೂರಿ ಇರಲಿಲ್ಲ. ಗೋಕಾಕದಲ್ಲಿ ನನಗೆ ಕೋಟು ಹೊಲಿದಿದ್ದ ಗೋವಾದ ಟೇಲರ್ ಒಬ್ಬರಿದ್ದರು. ಅವರು ಕೆಲವು ತಿಂಗಳ ಮಟ್ಟಿಗೆ ಊರಿಗೆ ಹೊರಟಿದ್ದರು. "ಒಯ್ರಿ ಮಾಸ್ತರ, ಇಲ್ಲಿಟ್ಟರ ಇಲಿ ಕಡೀತಾವ," ಎಂದು ತಮ್ಮ ಗಿಟಾರನ್ನು ನನ್ನ ಕೈಗೆ ಕೊಟ್ಟರು. ನಾನು ಕನ್ನಡ ಶಾಲೆಯ ಮಾಸ್ತರ, ಆಗ ಹತ್ತೊಂಬತ್ತರವ. ಯಾವುದನ್ನಾದರೂ ಸರಿಯಾದ ಕ್ರಮದಿಂದ ಮಾಡಿದರೆ ಆಗಿಯೇ ತೀರುತ್ತದೆ ಎಂದು ನಂಬಿದ್ದವ.

ಗಿಟಾರಿಗೆ ಆರು ತಂತಿ, ಒಂದರ ಸ್ವರ ಇನ್ನೊಂದಕ್ಕಿಲ್ಲ. ತಂಬೂರಿಗೆ ನಾಲ್ಕು, ನಡುವಿನ ಎರಡು ಒಂದೇ ಷಡ್ಜದ ಜೋಡಿ. ನಾನು ತೀರ ಸಣ್ಣ ಎರಡು ತಂತಿ ಬಿಚ್ಚಿಟ್ಟೆ. ಉಳಿದ ನಾಲ್ಕರಲ್ಲಿ ಎಲ್ಲಕ್ಕೂ ದಪ್ಪನೆಯದು ಕೆಳಗಿನ ಸಾ ಆಯಿತು, ಅದರ ಪಕ್ಕದ್ದನ್ನು ತುಸು ಬಿಗಿದಾಗ ಪಂಚಮವಾಯಿತು. ಜೋಡಿಗಾಗಿ ಒಂದು ತಂತಿಯನ್ನು ಮೇಲಕ್ಕೆ ಬಿಗಿದೆ, ಅದರ ಮಗ್ಗುಲಿನ ಸಣ್ಣದನ್ನು ಕೆಳಕ್ಕೆ ಸಡಿಲಿಸಿದೆ, ಎರಡನ್ನೂ ನಡುವೆ ಒಂದೇ ಸ್ವರಕ್ಕೆ ಕೂಡಿಸಿದೆ. ಕಿವಿ ಹಚ್ಚಿ ಮೆಲ್ಲಗೆ ಮೀಟಿದಾಗ ಎರಡು ತಂತಿ ಒಂದಾಗಿ ನುಡಿದವು. ಆ ದಿನದ ದಿನಚರಿಯಲ್ಲಿ "ಸಾಧಿಸಿತು" ಎಂದು ಬರೆದು ಕೆಳಗೆ ಎರಡು ಗೀಟು ಎಳೆದಿದ್ದೇನೆ.

ಜೂನ್ ೧೭ರಿಂದ ಆಗಸ್ಟ್ ೩೧ರ ವರೆಗೆ ಅರವತ್ತೇಳು ಮುಂಜಾನೆ ಅಭ್ಯಾಸ ನಡೆಯಿತು. ತಪ್ಪಿದ್ದು ಒಂಬತ್ತು ದಿನ. ಅವ್ವನ ದನಿ ದೊಡ್ಡದು. ಅದರಡಿ ಗಿಟಾರು ಮುಚ್ಚಿಹೋಗಬಾರದೆಂದು ನಾನು ಹೆಬ್ಬೆರಳಿನಿಂದ ಜೋರಾಗಿ ಬಾರಿಸುತ್ತಿದ್ದೆ. ಅವ್ವನ ಸ್ವರ ತಂತಿಗಿಂತ ಕೆಳಗಿಳಿದಾಗಲೆಲ್ಲ ವಹಿಯಲ್ಲಿ ಒಂದು ಗೀಟು.

"ಇಳಿದಿ ಅವ್ವಾ."

"ಎಷ್ಟೋ?"

"ಎಳ್ಳಷ್ಟು."

"ಎಳ್ಳಷ್ಟಕ್ಕೂ ಗೀಟು ಹೊಡಿಯಾಂವ ನೀ. ಆ ಸಾಲಿ ಹುಡುಗ್ರ ಗತಿ ಏನೋ ಶಿವನ!"

ಹೊರಗಿನಿಂದ ಅಪ್ಪ ಕೂಗುತ್ತಿದ್ದ: "ಮಗ ಮಾಸ್ತರ, ಹೇಣ್ತಿ ವಿದ್ಯಾರ್ಥಿ. ನನ್ನ ರೊಟ್ಟಿ ಗಂಟಿ ಯಾವಾಗ ಹೊಡೀತೈತ್ರಿ?"

ಒಟ್ಟು ಗೀಟು ಇನ್ನೂರಾ ಮೂವತ್ತೊಂದು. ಮೊದಲ ವಾರ ದಿನಕ್ಕೆ ಒಂಬತ್ತು ಹತ್ತು ಇದ್ದದ್ದು ಕೊನೆಯ ವಾರಕ್ಕೆ ಒಂದಕ್ಕೆ ಬಂತು. ಅವ್ವ ಸುಧಾರಿಸಿದಳೆಂದು ನಾನು ಹಿಗ್ಗಿದೆ. ಅವಳೂ ಹಿಗ್ಗಿದಳು.

ಸೆಪ್ಟೆಂಬರ್ ೧ರಂದು ಮೋಟಾರಿನಲ್ಲಿ ಹುಕ್ಕೇರಿಗೆ ಹೋದೆವು. ಗವಾಯಿಗಳು ತಮ್ಮ ತಂಬೂರಿ ಮೀಟಿದರು. ಅವ್ವ ಕಣ್ಣು ಮುಚ್ಚಿ ಸಾ ಹಿಡಿದಳು. ಇಳಿದೇನೆಂಬ ಅಂಜಿಕೆಯಿಂದ ದನಿಯನ್ನು ಮೇಲಕ್ಕೇ ನೂಕುತ್ತಿದ್ದಳು. ಮೂರು ಸಲ ಕೇಳಿ ಗವಾಯಿಗಳು ತಂಬೂರಿಯ ಮೇಲೆ ಅಂಗೈ ಇಟ್ಟರು.

"ದನಿ ಚೊಲೋ ಐತಿ ತಾಯಿ. ಖರೆ ಸಾ ದಾಟಿ ಮ್ಯಾಲ ಹೊಂಟೀರಿ. ಮಠದಾಗ ಹಾಡಿದಾಗ ಹಿಂಗ ಇರಲಿಲ್ಲ. ಈ ವಯಸ್ಸಿನಾಗ ಏರಿದ ಕಿವಿ ಇಳಸೂದು ನನ್ನ ಕೈಲಿ ಆಗಂಗಿಲ್ರಿ."

'ಮಠದಾಗ ಹಿಂಗ ಇರಲಿಲ್ಲ' ಎಂಬ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅದರ ಬಗ್ಗೆ ವಿಚಾರಿಸಲಿಲ್ಲ. ಮರಳುವಾಗ ಅವ್ವನೇ ನನಗೆ ಸಮಾಧಾನ ಹೇಳಿದಳು: "ನಿಂದೇನು ತಪ್ಪೋ ತಮ್ಮಾ. ನನ್ನ ಕಿವೀನ ಕೆಟ್ಟೈತಿ. ನೀ ಬರದಿದ್ದಿ ಅಂದ ಮ್ಯಾಲ ಖರೇನ ಇರಬೇಕು." ಮುಂದಿನ ಸೋಮವಾರ ಅವಳು ಮಠಕ್ಕೆ ಹೋಗಿ ಸುಮ್ಮನೆ ಕುಳಿತು ಬಂದಳು.

ಈ ಜನವರಿ ೧೯ರಂದು ಗಿಟಾರನ್ನು ಮರಳಿಸಲು ಗೋಕಾಕಕ್ಕೆ ಹೋದೆ. ನಾನು ಶ್ರುತಿ ಕೂಡಿಸಿದ್ದ ತಂತಿಗಳನ್ನು ಟೇಲರ್ ಮುಟ್ಟಿ ನೋಡಿ ನಕ್ಕುಬಿಟ್ಟರು.

"ಏನ್ರಿ ಮಾಸ್ತರ, ಒಬ್ಬನ್ನ ಗಲ್ಲಿಗೆ ಏರಿಸೀರಿ, ಇನ್ನೊಬ್ಬನ್ನ ಜೋಕಾಲ್ಯಾಗ ಕುಂಡ್ರಿಸೀರಿ."

"ಎರಡೂ ಒಂದ ಸ್ವರ ಅದಾವಲ್ರಿ."

"ಮೆಲ್ಲಗ ಮೀಟಿದರ ಅದಾವ. ಬಡದು ನೋಡ್ರಿ."

ಅವರೇ ಬಡಿದರು. ಬಿಗಿದ ತಂತಿ ತನ್ನ ಸ್ವರದಲ್ಲೇ ನಿಂತಿತು. ಸಡಿಲ ತಂತಿ ಮೊದಲು ಮೇಲಕ್ಕೆ ನೆಗೆದು, ಆಮೇಲೆ ನಿಧಾನವಾಗಿ ಜೋಡಿಗೆ ಇಳಿದು ಬಂತು. ಅರವತ್ತೇಳು ಮುಂಜಾನೆ ನಾನು ಬಡಿದದ್ದು ಹಾಗೆಯೇ. ಆಲಿಸಿದ್ದೂ ಆ ಸಡಿಲ ತಂತಿಯನ್ನೇ, ಏಕೆಂದರೆ ಅದರ ನಾದವೇ ಮುಂದಾಗಿ ಕೇಳುತ್ತಿತ್ತು. ಅವ್ವ ಸರಿಯಾದ ಸಾದಲ್ಲಿ ನಿಂತಾಗ ನಾನು ಗೀಟು ಹಾಕಿದ್ದೆ. ಅದನ್ನು ದಾಟಿ ಏರಿದಾಗ ಶಾಭಾಸ್ ಎಂದಿದ್ದೆ.

ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಹತ್ತೊಂಬತ್ತು ದಿನ ಕಳೆದೆ. ದಿನಚರಿಯಲ್ಲಿ ಆ ದಿನಗಳ ಹವಾಮಾನವಿದೆ, ಶಾಲೆಯ ಹಾಜರಿ ಇದೆ, ಈ ವಿಷಯವಿಲ್ಲ. ಅವ್ವ ಹೇಗೂ ಹಾಡು ಮರೆತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಪಕ್ಕದ ಓಣಿಯಿಂದ ಭಜನೆ ಕೇಳಿಬಂದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಒಳಕೋಣೆಗೆ ಹೋಗುತ್ತಿದ್ದಳು.

ಮೊನ್ನೆ ಶುಕ್ರವಾರ ಸಂಜೆ ಎಲ್ಲವನ್ನೂ ಹೇಳಿದೆ. ಅವ್ವ ಕೇಳಿದಳು:

"ಹಂಗಾರ ಮೊದಲ ನಾ ಹಾಡತಿದ್ದದ್ದು ಸರಿ ಇತ್ತೇನು?"

"ಬಹುತೇಕ ಸರಿ ಇತ್ತು ಅವ್ವಾ."

"ಬಹುತೇಕ ಅಂದರ? ಇನ್ನೂರು ಗೀಟಿನಾಗ ನನ್ನೂವು ಎಷ್ಟು, ತಂತೀವು ಎಷ್ಟು?"

ಗಿಟಾರು ಮತ್ತೆ ತರುತ್ತೇನೆ, ಇನ್ನೊಮ್ಮೆ ನೋಡೋಣ ಎಂದೆ.

"ಬ್ಯಾಡ. ನಿನ್ನ ಕಿವಿ ನಂಬಿ ಒಮ್ಮೆ ಕೆಟ್ಟೇನಿ. ಹುಕ್ಕೇರಿಗೆ ಮತ್ತ ಹೋಗಬೇಕಂದರ ತಿಳಿದವರು ಯಾರರ ಹೇಳಬೇಕು. ನೀ ಅಲ್ಲ."

ಅದಕ್ಕಾಗಿ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಗಿಟಾರಿನ ಎರಡು ಬೇರೆ ಬೇರೆ ತಂತಿಗಳನ್ನು ಒಂದೇ ಸ್ವರಕ್ಕೆ ಕೂಡಿಸಿ ಬಾರಿಸಿದವರು ಓದುಗರಲ್ಲಿ ಇದ್ದರೆ ದಯವಿಟ್ಟು ತಿಳಿಸಬೇಕು: ಸಡಿಲಿಸಿದ ತಂತಿ ಜೋರಾಗಿ ಬಡಿದಾಗ ಎಷ್ಟು ಏರುತ್ತದೆ, ಎಷ್ಟು ಹೊತ್ತು ಏರಿ ನಿಲ್ಲುತ್ತದೆ? ನೆಟ್ಟಗೆ ನಿಂತ ದನಿ ಅದರ ಮುಂದೆ ಎಳ್ಳಷ್ಟು ಇಳಿದಂತೆ ಕೇಳುವುದುಂಟೇ? ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಅಕ್ಷರ ಸ್ವಲ್ಪ ದೊಡ್ಡದಾಗಿ, ಬಿಡಿಸಿ ಬರೆಯಿರಿ. ಬಂದ ಕಾಗದವನ್ನು ನಾನು ಓದುವುದು ಅವ್ವನಿಗೆ ಬೇಡವಂತೆ. ಅಪ್ಪನಿಂದ ಓದಿಸುತ್ತಾಳಂತೆ, ಅವನಿಗೆ ಕಣ್ಣು ಮಂಜು.