ಖಾನಾವಳಿ ಕಾಕಿಯ ಸಾಕ್ಷಿ

ಆ ದಿನ ಕೋರ್ಟಿನಲ್ಲಿ ನಡೆದದ್ದನ್ನು ಎಷ್ಟೋ ಸಲ ನೆನೆದಿದ್ದೇನೆ. ಹಾಗಾಗಿ ಈಗ ಯಾವುದು ನಡೆದದ್ದು, ಯಾವುದು ನಾನೇ ಸೇರಿಸಿಕೊಂಡದ್ದು ಎಂದು ಬೇರ್ಪಡಿಸಲಾಗುತ್ತಿಲ್ಲ. ಖಾನಾವಳಿ ಕಾಕಿಯ ಕೈಗಳ ಬಗ್ಗೆ ಮಾತ್ರ ಅನುಮಾನವಿಲ್ಲ. ಅಗಲವಾದ ಅಂಗೈ, ಹಂಚಿನ ಬಿಸಿಗೆ ರೋಮವೆಲ್ಲ ಉದುರಿ ನುಣುಪಾದ ಮುಂಗೈ, ಉಗುರಿನ ಸಂದಿಯಲ್ಲಿ ಒಣಗಿದ ಜೋಳದ ಹಿಟ್ಟು. ಆ ಕೈಗಳನ್ನು ಜೋಡಿಸಿಕೊಂಡೇ ಅವರು ಕಟಕಟೆಯಲ್ಲಿ ನಿಂತಿದ್ದರು.

ಧಾರವಾಡದಲ್ಲಿ ಓದು ಮುಗಿಸಿ ಬೈಲಹೊಂಗಲದ ಕಾಲೇಜಿಗೆ ಪಾಠ ಹೇಳಲು ಬಂದಾಗಿನಿಂದ ನನ್ನ ಎರಡು ಹೊತ್ತಿನ ಊಟ ಅವರಲ್ಲೇ. ಸಾಕು ಎಂದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ನಾನು ದೇವರು, ಜಾತಕ, ದೃಷ್ಟಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕಿದೆ. 'ಧಾರವಾಡದಾಗ ಎಲ್ಲಾನೂ ಇಲ್ಲ ಅನ್ನಾಕ ಕಲಿಸ್ಯಾರ. ರೊಟ್ಟಿ ಐತೋ ಇಲ್ಲೋ, ಮುಟ್ಟಿ ನೋಡು' ಎಂದು ಇನ್ನೊಂದು ಹಾಕಿದರು.

ಕಾಕಿಗೆ ಸಕ್ಕರೆ ಕಾಯಿಲೆ. ಕಾಲು ಉರಿಯುತ್ತಿತ್ತು. ಆಗ ಪೇಟೆಯಲ್ಲಿ ಒಬ್ಬ ಮಳಿಗೆ ಹಿಡಿದು ಕಾಲಿನ ಯಂತ್ರಗಳನ್ನಿಟ್ಟ. ಅಂಗಾಲಿಟ್ಟು ಕೂತರೆ ಅದು ಗುರುಗುಟ್ಟುತ್ತ ನಡುಗುತ್ತಿತ್ತು. ರಕ್ತದ ಸಕ್ಕರೆಯನ್ನೆಲ್ಲ ಎಳೆದು ಹಾಕುತ್ತದೆ ಎಂದು ಅವನ ಕರಪತ್ರ ಹೇಳುತ್ತಿತ್ತು. ಅಂಗಡಿಯಲ್ಲಿ ಕೂರಲು ದುಡ್ಡು ಕೊಡಬೇಕಿಲ್ಲ, ಬೇಕಾದವರು ಯಂತ್ರ ಕೊಳ್ಳಬಹುದು. ಕಾಕಿ ಕೊಂಡರು. ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟರು. ಕಾಲಿಗೊಂದು ಗಾಯವಾಯಿತು, ಮಾಯಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಕಾಲಿನ ಒಂದು ಬೆರಳು ತೆಗೆದರು.

ನಾನು ದೂರು ಬರೆದೆ. ಔಷಧ ಇಲಾಖೆಯವರು ಸುಳ್ಳು ಪ್ರಚಾರದ ಮೊಕದ್ದಮೆ ಹೂಡಿದರು. ಗುಳಿಗೆ ಬಿಡಿ ಎಂದು ಕರಪತ್ರದಲ್ಲಿರಲಿಲ್ಲ, ಅದನ್ನು ಅವನು ಬಾಯಲ್ಲಿ ಹೇಳಿದ್ದ. ಯಂತ್ರ ಕೊಂಡ ಮಿಕ್ಕವರು ಯಾರೂ ಕೋರ್ಟಿಗೆ ಬರಲು ಒಪ್ಪದ್ದರಿಂದ ಅದಕ್ಕೆ ಕಾಕಿಯ ಮಾತೊಂದೇ ಆಧಾರ.

ಅಷ್ಟರಲ್ಲಿ ಅವನು ಅಂಗಡಿಯನ್ನು ನೇಸರಗಿಗೆ ಸಾಗಿಸಿದ್ದ. ಕೋರ್ಟಿನ ತಾರೀಖು ಇದ್ದ ದಿನ ಬಸ್ಸಿಳಿದು ಊಟಕ್ಕೆ ಕೂರುತ್ತಿದ್ದುದು ಕಾಕಿಯ ಖಾನಾವಳಿಯಲ್ಲೇ. ಕಾಕಿ ಬಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವನಿಗೇಕೆ ತಾಟು ಇಡುತ್ತೀರಿ ಎಂದು ಕೇಳಿಬಿಟ್ಟೆ.

'ಇದು ಖಾನಾವಳಿ, ತಮ್ಮಾ. ಕೋರ್ಟ ಅಲ್ಲೈತಿ. ಹಸದ ಬಂದಾವಂಗ ಇಲ್ಲೇನ ತೀರ್ಪ ಕೊಡ್ಲಿ?'

ಸಾಕ್ಷಿಯ ದಿನವೂ ಅವನು ಅಲ್ಲಿ ಉಂಡೇ ಬಂದಿದ್ದ. ಅವನ ವಕೀಲರು ಅದನ್ನೇ ಹಿಡಿದರು.

'ಇವತ್ತ ಮುಂಜಾನೆ ಇವರಿಗೆ ಊಟಕ್ಕ ಹಾಕೀರಿ ಅಲ್ರಿ?'

'ಹಾಕೇನ್ರಿ.'

'ಯಂತ್ರದಿಂದ ಕಾಲಿಗೆ ಆರಾಮ ಆಗಿತ್ತಲ್ರಿ?'

'ಹಗುರ ಆಗಿತ್ರಿ.'

ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು. ಕೇಸು ಮುಗಿಯಿತು ಎಂದುಕೊಂಡೆ. ಕಾಕಿಯೂ ಅತ್ತಲೇ ತಿರುಗಿದರು.

'ಉಣ್ಣಾಕ ಹಾಕಿದ್ದೂ ಖರೇರಿ ಸಾಹೇಬ್ರ, ಕಾಲ ಹಗುರ ಆಗಿದ್ದೂ ಖರೇ. ಗುಳಿಗಿ ಬಿಡವ್ವಾ, ನಾ ಅದೇನಿ ಅಂತ ಇಂವಾ ಹೇಳಿದ್ದೂ ಅಷ್ಟ ಖರೇ.'

ಹೀಗೆಂದೇ ನನ್ನ ನೆನಪು. ನಾನಿದ್ದದ್ದು ಹಿಂದಿನ ಬೆಂಚಿನಲ್ಲಿ, ತಲೆಯ ಮೇಲೆ ಫ್ಯಾನಿನ ಸದ್ದು. ಮಾತು ಇಷ್ಟು ಒಪ್ಪವಾಗಿತ್ತೇ? ಅವನು ತಲೆ ತಗ್ಗಿಸಿದ್ದನ್ನು ಕಂಡೆ ಅನಿಸುತ್ತದೆ. ಅದು ನನ್ನ ಆಸೆಯೂ ಇದ್ದೀತು.

ತೀರ್ಪು ಬರುವ ಮೊದಲೇ ಕಾಕಿ ಹೋದರು. ಕಿಡ್ನಿ ಸೋತಿತ್ತು. ತಾರೀಖುಗಳು ಇನ್ನೂ ಬೀಳುತ್ತಿವೆ.

ಆಸ್ಪತ್ರೆಯಲ್ಲಿದ್ದಾಗ ಅವರು ನನಗೊಂದು ಸಂಗತಿ ಹೇಳಿದ ಹಾಗಿತ್ತು. ಸಾಕ್ಷಿ ಹೇಳಿದ ಮರುವಾರ ನೇಸರಗಿಗೆ ಹೋಗಿ, ಅವನ ಅಂಗಡಿಯಲ್ಲಿ ಕೂತಿದ್ದ ಹೆಂಗಸರ ನಡುವೆ ಕೂತು ಬಂದರಂತೆ. ಸರಿಯಾಗಿ ಹೆಜ್ಜೆ ಇಡಲಾರದವರು ಬಸ್ಸು ಹತ್ತಿ ಅಷ್ಟು ದೂರ ಹೋದರೆಂದು ನಾನು ನಂಬಲಿಲ್ಲ. ಜ್ವರದ ಮಾತಿರಬೇಕು ಎಂದುಕೊಂಡೆ. ಆಮೇಲಾಮೇಲೆ, ಅವರು ಹಾಗೆ ಹೇಳಿದ್ದೇ ಸುಳ್ಳು, ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡದ್ದು ಎಂಬ ಸಂಶಯ ಹತ್ತಿತು.

ಈಚೆಗೆ ಸಂತೆಯ ದಿನ ನೇಸರಗಿಗೆ ಹೋಗಿ ವಿಚಾರಿಸಿದೆ. ಮೆಣಸಿನಕಾಯಿ ಮಾರುವ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಕಿ ಬಂದದ್ದು ಹೌದು ಎಂದಳು. ತನ್ನ ಪಕ್ಕದಲ್ಲೇ ಕೂತಿದ್ದರಂತೆ. ಯಂತ್ರದವನು ಅವರಿಗೂ ಚಹಾ ತರಿಸಿದನಂತೆ.

'ಕುಡದ್ರು. ಕುಡದು ಅವನ ಮುಂದನ ನಮಗೆಲ್ಲಾ ಹೇಳಿದ್ರು, ಕಾಲ ಇಡೂದಿದ್ರ ಇಡ್ರಿ, ಗುಳಿಗಿ ಬಿಡಬ್ಯಾಡ್ರಿ ಅಂತ. ನಾ ಅದರ ಹಿಂದಿನ ವಾರನ ಬಿಟ್ಟಿದ್ದೆರಿ. ಅವತ್ತ ಮನಿಗೆ ಹೋಗಿ ನುಂಗಿದೆ.'